ಸ್ಮಾರಕವೂ ಅಪರಿಗ್ರಹವೂ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕುರಕುಂಟಾ ಸಣ್ಣ ಊರು. ಸುತ್ತಲೂ ತೊಗರಿಯ ಹೊಲಗಳು. ಆ ಹೊಲಗಳ ಅಡಿಯಲ್ಲಿ ಸುಣ್ಣದ ಕಲ್ಲಿನ ಹಾಸು. ವಾಡಿಯಿಂದ ಸಿಕಂದರಾಬಾದಿನವರೆಗೆ ೧೮೭೪ರಲ್ಲಿ ಹಾಕಿದ ನಿಜಾಮರ ಕಾಲದ ರೈಲುದಾರಿ ಈ ಸೀಮೆಯನ್ನು ಹಾದುಹೋಗುತ್ತದೆ. ಇಲ್ಲಿಯ ಕಲ್ಲು ಶಹಾಬಾದಿ ಫರಶಿಯಾಗಿ ದೂರದೂರದ ಮನೆಗಳ ನೆಲವಾಗಿದೆ. ಸುಟ್ಟು ಪುಡಿಯಾಗಿ ಸಿಮೆಂಟಾಗಿದೆ. ಕುರಕುಂಟಾದಲ್ಲಿದ್ದ ಭಾರತ ಸಿಮೆಂಟ್ ನಿಗಮದ ಕಾರ್ಖಾನೆ ೧೯೯೮ರಲ್ಲಿ ನಿಂತುಹೋಯಿತು. ಹಗಲಿರುಳು ಸದ್ದು ಮಾಡುತ್ತಿದ್ದುದು ಒಂದು ದಿನ ಮೌನವಾಗುವುದೆಂದರೆ ಏನೆಂಬುದನ್ನು ಆ ಊರಿನ ಹಿರಿಯರಿಗೆ ಯಾವ ಶಾಸ್ತ್ರವೂ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಸೇಡಂ ದಾಟಿ ಇನ್ನೂ ಮುಂದೆ ಸಾಗಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಕ್ಕುತ್ತದೆ. ಇದೇ ಒಂದು ಕಾಲದ ಮಾನ್ಯಖೇಟ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಗುರುತಿಸಿದ ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ನೆಲೆ. ಸುಮಾರು ೮೧೪ರಿಂದ ೮೭೮ರವರೆಗೆ, ಅರವತ್ತು ವರ್ಷಕ್ಕೂ ಮಿಕ್ಕು, ರಾಜ್ಯವಾಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ರಾಜಧಾನಿ. ೮೫೧ರ ಸುಮಾರಿಗೆ ಬರೆದಿಟ್ಟ ಅರಬ್ ವರ್ತಕ ಸುಲೈಮಾನನ ವೃತ್ತಾಂತವು ಈ ಮನೆತನದ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ.

ಮಳಖೇಡಕ್ಕೆ ಮೊದಲ ಬಾರಿಗೆ ಬರುವ ಯಾತ್ರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ನೃಪತುಂಗನ ಅರಮನೆ ಎಲ್ಲಿ? ಆತನದೆಂದು ತೋರಿಸಬಹುದಾದ ವಸ್ತು ಯಾವುದು? ಕೋಟೆಯ ಗೋಡೆಗಳಿವೆ, ಆದರೆ ಇಂದು ಕಾಣುವ ಕೋಟೆಯಲ್ಲಿ ಅನೇಕ ಕಾಲಗಳ ಕೈಗೆಲಸ ಸೇರಿದೆ. ನೇಮಿನಾಥ ಬಸದಿಯಿದೆ, ಅಲ್ಲಿ ಪೂಜೆಗೊಳ್ಳುವವನು ಜಿನ, ದೊರೆಯಲ್ಲ. ದೊರೆಯ ಕತ್ತಿ, ಕಿರೀಟ, ಆಸನ, ಲೇಖನಿ ಇವುಗಳಲ್ಲಿ ಒಂದನ್ನೂ ‘ಇದು ಆತನದು’ ಎಂದು ಬೆರಳಿಟ್ಟು ತೋರಿಸುವಂತಿಲ್ಲ. ದೂರದಿಂದ ಬಂದವರ ಮುಖದಲ್ಲಿ ಒಂದು ಬಗೆಯ ನಿರಾಶೆ ಮೂಡುತ್ತದೆ. ಇಷ್ಟು ದೊಡ್ಡವನಿಗೆ ಇಷ್ಟೇ ಸ್ಮಾರಕವೇ, ಎಂದು ಅವರು ನೊಂದುಕೊಳ್ಳುತ್ತಾರೆ.

ಈ ನಿರಾಶೆಯನ್ನು ಸ್ವಲ್ಪ ತಡೆದು ವಿಚಾರಿಸುವುದು ಅಗತ್ಯ. ‘ಪ್ರಶ್ನೋತ್ತರರತ್ನಮಾಲಿಕೆ’ಯ ದಿಗಂಬರ ಪಾಠದ ಕೊನೆಯಲ್ಲಿ, ವಿವೇಕದಿಂದ ರಾಜ್ಯವನ್ನು ತ್ಯಜಿಸಿದವನೆಂದು ಈ ಅಮೋಘವರ್ಷನನ್ನು ಹೇಳಿದೆ. ಬಿಟ್ಟುಕೊಟ್ಟದ್ದರಿಂದ ದೊಡ್ಡವನಾದವನ ವಸ್ತುಗಳನ್ನು ಹುಡುಕಿ ಕೂಡಿಡುವುದು ಆತನಿಗೆ ಸಲ್ಲಿಸುವ ಗೌರವವೇ, ಅಥವಾ ಆತನು ಬಿಟ್ಟದ್ದನ್ನು ನಾವು ಹಿಡಿದುಕೊಳ್ಳುವುದೇ? ಅಪರಿಗ್ರಹವನ್ನು ವ್ರತವೆಂದು ಒಪ್ಪಿದ ಸಮಾಜ ತನ್ನ ಮಹನೀಯರ ಹೆಸರಿನಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಬಹುದೇ? ಕಟ್ಟುವುದಾದರೆ ಹೇಗೆ ಕಟ್ಟಬೇಕು? ಊರೂರುಗಳಲ್ಲಿ ಬಸದಿಯ ಆಡಳಿತ ಮಂಡಳಿಗಳು, ಟ್ರಸ್ಟುಗಳು ಸ್ಮಾರಕ ಭವನಗಳ ಯೋಜನೆಯನ್ನು ಕೈಗೆತ್ತಿಕೊಳ್ಳುವಾಗ ಈ ಪ್ರಶ್ನೆ ಬರಿಯ ತತ್ತ್ವಜಿಜ್ಞಾಸೆಯಾಗಿ ಉಳಿಯುವುದಿಲ್ಲ. ಅದು ಶ್ರಾವಕರ ಹಣದ, ಶ್ರಮದ ಮತ್ತು ಮುಂದಿನ ಪೀಳಿಗೆಯ ಪ್ರಶ್ನೆಯಾಗುತ್ತದೆ.

ವೃಷಭಾಚಲದ ಪಾಠ

ಸ್ಮಾರಕ ಬೇಡವೆನ್ನುವವರ ಪಕ್ಷ ದುರ್ಬಲವಾದುದಲ್ಲ. ಅವರ ವಾದಕ್ಕೆ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರೇ ಆಧಾರ ಒದಗಿಸಿದ್ದಾರೆ. ಅವರ ಪಾದಗಳಿಗೆ ಎರಗಿದಾಗ ದೊರೆ ತನ್ನನ್ನು ಪವಿತ್ರನಾದೆನೆಂದು ಭಾವಿಸುತ್ತಿದ್ದನೆಂದು ಶಿಷ್ಯರಾದ ಗುಣಭದ್ರಾಚಾರ್ಯರು ‘ಉತ್ತರಪುರಾಣ’ದಲ್ಲಿ ಸ್ಮರಿಸಿದ್ದಾರೆ. ಆ ಜಿನಸೇನರು ‘ಆದಿಪುರಾಣ’ದಲ್ಲಿ ಹೇಳುವ ಭರತ ಚಕ್ರವರ್ತಿಯ ಪ್ರಸಂಗ ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ಷಟ್ಖಂಡವನ್ನು ಗೆದ್ದ ಭರತನು ತನ್ನ ಕೀರ್ತಿಯನ್ನು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ಅಂಥ ವಿಜಯ ತನಗೊಬ್ಬನಿಗೇ ದಕ್ಕಿತೆಂಬ ಭಾವ ಅವನ ಮನಸ್ಸಿನಲ್ಲಿ. ಬೆಟ್ಟದ ಬಳಿ ನಿಂತು ನೋಡಿದರೆ ಅಂಗೈಯಗಲದ ತೆರವೂ ಇಲ್ಲ. ಹಿಂದೆ ಆಗಿಹೋದ ಅಸಂಖ್ಯ ಚಕ್ರವರ್ತಿಗಳ ಹೆಸರುಗಳು ಬಂಡೆಯನ್ನೆಲ್ಲ ತುಂಬಿವೆ. ಅವನ ಗರ್ವ ಕರಗುತ್ತದೆ. ಆದರೂ ಯಾರದೋ ಒಂದು ಹೆಸರನ್ನು ಅಳಿಸಿ, ಆ ಜಾಗದಲ್ಲಿ ತನ್ನದನ್ನು ಬರೆಯುತ್ತಾನೆ.

ಈ ಪ್ರಸಂಗದ ಕಟುತ್ವ ಅಳಿಸುವ ಆ ಗಳಿಗೆಯಲ್ಲಿದೆ. ತನ್ನ ಹೆಸರೂ ಒಂದು ದಿನ ಹೀಗೆಯೇ ಅಳಿಯುತ್ತದೆಂದು ಅರಿತ ಮೇಲೂ ಅವನ ಕೈ ಹಿಂದೆಗೆಯಲಿಲ್ಲ. ಸ್ಮಾರಕದ ಆಸೆ ಅಷ್ಟು ಬಲವಾದುದು. ಮಹನೀಯರ ಹೆಸರಿನ ಭವನದಲ್ಲಿ ಮಹನೀಯರ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ದಾನಿಗಳ ಹೆಸರನ್ನು ಸಂಗಮರಮರಿಯಲ್ಲಿ ಕೊರೆಯಿಸುವಾಗ, ಹಳೆಯ ದಾನಿಗಳ ಕಲ್ಲನ್ನು ಕಿತ್ತು ಹೊಸಬರ ಕಲ್ಲನ್ನು ಕೂರಿಸುವಾಗ, ನಾವೂ ವೃಷಭಾಚಲದ ಮುಂದೆಯೇ ನಿಂತಿರುತ್ತೇವೆ.

ಮಹಾಪುರುಷರ ಮೇಲಿನ ಪ್ರೀತಿಯೂ ಬಂಧನವಾಗಬಲ್ಲದೆಂಬುದು ಈ ಪಕ್ಷದವರ ಇನ್ನೊಂದು ಮಾತು. ಭಗವಾನ್ ಮಹಾವೀರರ ಮೇಲೆ ಗೌತಮ ಗಣಧರರಿಗಿದ್ದ ಅನುರಾಗವೇ ಅವರ ಕೇವಲಜ್ಞಾನಕ್ಕೆ ಕೊನೆಯ ತಡೆಯಾಗಿತ್ತೆಂದು ಶ್ವೇತಾಂಬರ ಪರಂಪರೆಯ ಕಥನವಿದೆ. ತೀರ್ಥಂಕರರ ಮೇಲಿನ ರಾಗವೇ ತೊಡಕಾಗುವುದಾದರೆ, ಮಹನೀಯರೊಬ್ಬರ ಕನ್ನಡಕದ ಮೇಲಿನ, ಊರುಗೋಲಿನ ಮೇಲಿನ ರಾಗದ ಮಾತೇನು?

ಮಮತ್ವವೇ ಪರಿಗ್ರಹ

ಆದರೆ ಈ ವಾದವನ್ನು ಕೊನೆಯವರೆಗೂ ಎಳೆದರೆ ಬಸದಿಯೂ ಉಳಿಯದು, ಬಿಂಬವೂ ಉಳಿಯದು, ಶಾಸ್ತ್ರಭಂಡಾರವೂ ಉಳಿಯದು. ಉಮಾಸ್ವಾಮಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಗಾತ್ರವನ್ನಾಗಲಿ ಬೆಲೆಯನ್ನಾಗಲಿ ಲೆಕ್ಕಿಸಲಿಲ್ಲ, ವಸ್ತುವಿನಲ್ಲಿ ಮೈಮರೆತು ಅಂಟಿಕೊಳ್ಳುವ ಮನಸ್ಸನ್ನು ಪರಿಗ್ರಹವೆಂದರು. ಆದ್ದರಿಂದ ಬರಿಗೈಯವನಲ್ಲಿಯೂ ಪರಿಗ್ರಹವಿರಬಹುದು; ತುಂಬಿದ ಭಂಡಾರದ ಕೀಲಿಕೈ ಹಿಡಿದವನಲ್ಲಿಯೂ ಅದು ಇಲ್ಲದಿರಬಹುದು. ಪ್ರಶ್ನೆ ಸ್ಮಾರಕದಲ್ಲಿ ಎಷ್ಟು ವಸ್ತುಗಳಿವೆ ಎಂಬುದಲ್ಲ. ಅವು ನೋಡುವವರಲ್ಲಿಯೂ ಕಾಯುವವರಲ್ಲಿಯೂ ಏನನ್ನು ಬೆಳೆಸುತ್ತವೆ ಎಂಬುದು.

ಇದನ್ನು ಅರಿಯಲು ಜೈನ ತರ್ಕವು ಒಂದು ಉತ್ತಮ ಸಾಧನವನ್ನು ಕೊಟ್ಟಿದೆ. ಅದೇ ನಾಲ್ಕು ನಿಕ್ಷೇಪಗಳು: ನಾಮ, ಸ್ಥಾಪನಾ, ದ್ರವ್ಯ, ಭಾವ. ಗುಣವಿಲ್ಲದಿದ್ದರೂ ಹೆಸರಿಡುವುದು ನಾಮನಿಕ್ಷೇಪ. ಕಲ್ಲಿನಲ್ಲೋ ಚಿತ್ರದಲ್ಲೋ ‘ಇವನೇ ಅವನು’ ಎಂದು ಭಾವಿಸುವುದು ಸ್ಥಾಪನಾನಿಕ್ಷೇಪ. ಹಿಂದೆ ಇದ್ದ ಅಥವಾ ಮುಂದೆ ಬರಲಿರುವ ಸ್ಥಿತಿಯನ್ನು ಇಂದಿಗೂ ಅನ್ವಯಿಸುವುದು ದ್ರವ್ಯನಿಕ್ಷೇಪ. ರಾಜ್ಯವನ್ನು ಬಿಟ್ಟವನನ್ನೂ ಜನ ರಾಜನೆಂದೇ ಕರೆಯುತ್ತಾರಲ್ಲ, ಹಾಗೆ. ಆ ಗುಣವು ಈಗ ನಿಜವಾಗಿ ನಡೆಯುತ್ತಿರುವುದು ಭಾವನಿಕ್ಷೇಪ.

ಯಾವುದೇ ಸ್ಮಾರಕ ಭವನದ ಒಳಗೆ ಹೊಕ್ಕು ನೋಡಿದರೆ ಮೊದಲ ಮೂರೂ ಕಣ್ಣಿಗೆ ಬೀಳುತ್ತವೆ. ಬಾಗಿಲ ಮೇಲಿನ ಫಲಕ ನಾಮ. ನಡುಮನೆಯ ಪ್ರತಿಮೆ ಸ್ಥಾಪನೆ. ಗಾಜಿನ ಕಪಾಟಿನೊಳಗಿನ ಪೆನ್ನು, ಕೋಟು, ಪತ್ರ, ಪದಕ ಇವು ದ್ರವ್ಯ. ಮುಗಿದುಹೋದ ಬಾಳನ್ನು ಇಂದಿಗೂ ಇದೆಯೆನ್ನುವಂತೆ ತೋರುವ ವಸ್ತುಗಳು. ನಾಲ್ಕನೆಯದು ಮಾತ್ರ ಕಪಾಟಿನಲ್ಲಿ ಇರಲಾರದು. ಅದು ಹುಟ್ಟಬೇಕಾದುದು ನೋಡಲು ಬಂದವನಲ್ಲಿ. ನೋಡಿದವನು ಹೊರಗೆ ಬರುವಾಗ ಅವನಲ್ಲಿ ಒಂದಿಷ್ಟಾದರೂ ಕ್ಷಮೆ, ಒಂದಿಷ್ಟಾದರೂ ಸತ್ಯನಿಷ್ಠೆ ಹೆಚ್ಚಿದ್ದರೆ ಭಾವನಿಕ್ಷೇಪ ನೆರವೇರಿತು. ಇಲ್ಲವಾದರೆ ಭವನವು ಮೂರು ಕಾಲಿನ ಮಂಚದಂತೆ.

ಮೊದಲ ಮೂರು ನಿಕ್ಷೇಪಗಳು ವ್ಯರ್ಥವೆಂದು ಆಚಾರ್ಯರು ಹೇಳಲಿಲ್ಲ. ಬಿಂಬದ ದರ್ಶನದಿಂದ ಭಾವಶುದ್ಧಿಯಾಗುವುದುಂಟು. ವ್ಯವಹಾರನಯವನ್ನು ತಳ್ಳಿಹಾಕಿ ನಿಶ್ಚಯನಯಕ್ಕೆ ನೇರವಾಗಿ ಹಾರುವವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಮೆಟ್ಟಿಲನ್ನು ಮನೆಯೆಂದು ತಿಳಿದು ಅಲ್ಲಿಯೇ ಕುಳಿತುಬಿಡಬಾರದು. ಹಾಗೆಂದು ಮೆಟ್ಟಿಲನ್ನು ಕೆಡವಲೂ ಬಾರದು.

ಕಳವಾದುದು, ಕಳವಾಗದುದು

ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಸಣ್ಣ ಊರಿನ ಸ್ಮಾರಕಕ್ಕೆ ಕನ್ನಡಿಗರಿಗೆಲ್ಲ ತಿಳಿದ ಉದಾಹರಣೆ. ೧೯೦೪ರಲ್ಲಿ ಹುಟ್ಟಿ ೧೯೯೪ರಲ್ಲಿ ಕಣ್ಮರೆಯಾದ ರಾಷ್ಟ್ರಕವಿ ಕುವೆಂಪು ಅವರು ಬಾಲ್ಯ ಕಳೆದ ಹಿರಿಯರ ಮನೆ ಅಲ್ಲಿ ಕವಿಮನೆಯೆಂಬ ಹೆಸರಿನಿಂದ ಉಳಿದಿದೆ. ೧೯೯೨ರಲ್ಲಿ ರೂಪುಗೊಂಡ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತಿದೆ. ತೊಟ್ಟಿಯ ಅಂಗಳ, ಮರದ ಕಂಬಗಳು, ಹಳೆಯ ಕಾಲದ ಪಾತ್ರೆಪಡಗ, ಕವಿ ಬಳಸಿದ ವಸ್ತುಗಳು ಇವನ್ನೆಲ್ಲ ನೋಡಿ ಜನ ಮೇಲೆ ಕವಿಶೈಲಕ್ಕೆ ಹೋಗಿ, ಅವರ ಸಮಾಧಿಯ ಬಳಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಮರಳುತ್ತಾರೆ.

೨೦೧೫ರ ನವೆಂಬರಿನಲ್ಲಿ ಆ ಮನೆಗೆ ಕಳ್ಳತನವಾಯಿತು. ಕವಿಗೆ ದೇಶವು ಕೊಟ್ಟಿದ್ದ ಪದ್ಮ ಪ್ರಶಸ್ತಿಯ ಪದಕಗಳು ಕಳವಾದವು. ನಾಡಿಗೆ ನಾಡೇ ನೊಂದಿತು. ಇದಕ್ಕೆ ಮೊದಲೇ, ೨೦೦೪ರ ಮಾರ್ಚಿನಲ್ಲಿ, ಶಾಂತಿನಿಕೇತನದ ಸಂಗ್ರಹಾಲಯದಿಂದ ರವೀಂದ್ರನಾಥ ಠಾಕೂರರ ನೊಬೆಲ್ ಪದಕವೂ ಕಳವಾಗಿತ್ತು. ಅನಂತರ ನೊಬೆಲ್ ಪ್ರತಿಷ್ಠಾನ ಅದರ ಪ್ರತಿಕೃತಿಗಳನ್ನು ಕೊಟ್ಟಿತು.

ಕಳ್ಳತನ ಪಾಪವೇ, ಅಚೌರ್ಯವ್ರತದ ಭಂಗವೇ. ಅದನ್ನು ಹಗುರಾಗಿ ಕಾಣುವ ಮಾತೇ ಇಲ್ಲ. ಆದರೂ ವಿಚಾರವಂತರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಪದಕ ಹೋದ ಮೇಲೆ ಕುಪ್ಪಳಿಗೆ ಬರುವವರು ಕಾಣುವುದರಲ್ಲಿ ಕವಿ ಕಡಿಮೆಯಾದನೇ? ಪದಕವು ಕವಿಗೆ ಬಂದ ಮನ್ನಣೆಯ ಗುರುತು, ಕವಿತ್ವದ ಗುರುತಲ್ಲ. ಆತನ ಕಾವ್ಯ ನೂರಾರು ಸಾವಿರ ಮನೆಗಳಲ್ಲಿ ಹರಡಿಹೋಗಿತ್ತು. ಹರಡಿದುದನ್ನು ಯಾವ ಕಳ್ಳನೂ ಒಂದು ರಾತ್ರಿಯಲ್ಲಿ ಗಂಟುಕಟ್ಟಲಾರ.

ಇದೇ ಮಾತನ್ನು ಮಾನ್ಯಖೇಟದ ಇತಿಹಾಸ ಇನ್ನೂ ದೊಡ್ಡ ಪ್ರಮಾಣದಲ್ಲಿ ಹೇಳುತ್ತದೆ. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ಆ ನಗರವನ್ನು ಸೂರೆಮಾಡಿದನು. ಧನಪಾಲ ಕವಿ ತನ್ನ ಪ್ರಾಕೃತ ನಿಘಂಟಿನ ಕಾಲವನ್ನು ಹೇಳುವಾಗ ಆ ಸೂರೆಯನ್ನೇ ಗುರುತಾಗಿ ಬಳಸಿದ್ದಾನೆ. ಅಷ್ಟರಮಟ್ಟಿಗೆ ಅದು ಸುದ್ದಿಯಾದ ಘಟನೆ. ಮರುವರ್ಷವೇ ತೈಲಪನಿಂದ ರಾಷ್ಟ್ರಕೂಟರ ಆಳ್ವಿಕೆ ಕೊನೆಗಂಡಿತು. ಆ ವಂಶದ ಕೊನೆಯ ಅರಸು ಇಂದ್ರನು ೯೮೨ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಇಂದ್ರನ ಪುರಿಯನ್ನೇ ನಗುವಂತಿತ್ತೆಂದು ಶಾಸನವು ಕೊಂಡಾಡಿದ ನಗರದ ಚಿನ್ನವೆಲ್ಲ ಎಲ್ಲಿ ಹೋಯಿತೆಂದು ಯಾರೂ ಬಲ್ಲವರಿಲ್ಲ.

ಆದರೆ ಅಲ್ಲಿ ಅರಳಿದ ಗ್ರಂಥಗಳು ಹೋಗಲಿಲ್ಲ. ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತ ಕವಿ ೯೬೫ರಲ್ಲಿ ಮುಗಿಸಿದ ಅಪಭ್ರಂಶ ‘ಮಹಾಪುರಾಣ’ ಉಳಿಯಿತು. ನೃಪತುಂಗನ ಸ್ತುತಿಯನ್ನು ಮೊದಲಲ್ಲಿ ಹೊತ್ತ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ ಉಳಿದು, ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದು ಪಡೆದ ಪೊನ್ನನ ‘ಶಾಂತಿಪುರಾಣ’ವೂ ಉಳಿಯಿತು.

ಪೊನ್ನನ ಕೃತಿಯ ವಿಷಯದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಆ ಮಹಾಶ್ರಾವಿಕೆ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಓಲೆಗರಿಯ ಕಟ್ಟುಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ! ಆಕೆ ಬಯಸಿದ್ದರೆ ಅದೇ ಹಣದಲ್ಲಿ ಪೊನ್ನನ ಹೆಸರಿನ ಒಂದು ಮಂಟಪವನ್ನು ಕಟ್ಟಿಸಬಹುದಿತ್ತು. ಬಸದಿಗಳನ್ನು ಕಟ್ಟಿಸಲು ಹಿಂಜರಿದವಳೂ ಆಕೆಯಲ್ಲ; ಲಕ್ಕುಂಡಿಯ ಬಸದಿಯೇ ಅದಕ್ಕೆ ಸಾಕ್ಷಿ. ಆದರೆ ಕವಿಯನ್ನು ಉಳಿಸುವ ದಾರಿ ಕೂಡಿಡುವುದಲ್ಲ, ಕೊಟ್ಟುಬಿಡುವುದು ಎಂಬುದನ್ನು ಆಕೆ ಅರಿತಿದ್ದಳು. ಒಂದೇ ಕಡೆ ಇಟ್ಟುದು ಸೂರೆಗೆ ಸಿಕ್ಕುತ್ತದೆ. ಸಾವಿರ ಕಡೆ ಕೊಟ್ಟುದು ಉಳಿಯುತ್ತದೆ. ದಾನವೇ ಅತ್ಯುತ್ತಮ ಸಂರಕ್ಷಣೆಯೆಂಬ ಈ ಅರಿವು ಅಪರಿಗ್ರಹಕ್ಕೂ ಸ್ಮಾರಕಕ್ಕೂ ನಡುವೆ ಇರುವ ಬಿರುಕನ್ನು ಮುಚ್ಚುವ ಮೊದಲ ಬೆಸುಗೆ.

ಪಿಂಛಿಯ ಬೆಲೆ

ತ್ಯಾಗಿಯೊಬ್ಬರ ಸ್ಮಾರಕದಲ್ಲಿ ಏನನ್ನು ಇಡಬಹುದು? ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ೧೮೭೨ರಲ್ಲಿ ಹುಟ್ಟಿದ ಸಾತಗೌಡರು ಮುಂದೆ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರಾದರು. ೧೯೫೫ರ ಸೆಪ್ಟೆಂಬರ್ ೧೮ರಂದು ಕುಂಥಲಗಿರಿಯಲ್ಲಿ ಸಲ್ಲೇಖನಪೂರ್ವಕ ಸಮಾಧಿಯನ್ನು ಪಡೆದರು. ಅವರಂಥ ದಿಗಂಬರ ಮುನಿಗಳು ಬಳಸಿದ ವಸ್ತುಗಳ ಸಂಗ್ರಹಾಲಯವನ್ನು ಮಾಡಲು ಹೊರಟವರಿಗೆ ಒಂದು ಕಪಾಟೂ ತುಂಬುವುದಿಲ್ಲ. ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ, ಅಷ್ಟೇ. ಬಟ್ಟೆಯಿಲ್ಲ, ಪಾತ್ರೆಯಿಲ್ಲ, ಹಾಸಿಗೆಯಿಲ್ಲ. ಆ ಬರಿದಾದ ಕೋಣೆಗಿಂತ ಹೆಚ್ಚು ನುಡಿಯುವ ಪ್ರದರ್ಶನ ಬೇರೆ ಇರಲಾರದು.

ಅದೇ ಮಹಾರಾಜರು, ಎಲ್ಲವನ್ನೂ ಬಿಟ್ಟವರು, ಸಿದ್ಧಾಂತ ಗ್ರಂಥಗಳು ನಾಶವಾಗಬಾರದೆಂದು ಚಿಂತಿಸಿದರು. ಅವರ ಪ್ರೇರಣೆಯಿಂದ ಧವಲಾದಿ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಯಿಸುವ ಕಾರ್ಯ ನಡೆಯಿತು. ಇಲ್ಲಿ ವಿರೋಧವೇನಾದರೂ ಇದೆಯೇ? ಇಲ್ಲ. ತನಗಾಗಿ ಇಟ್ಟುಕೊಳ್ಳುವುದು ಬೇರೆ, ಮುಂದಿನವರಿಗಾಗಿ ಕಾಯುವುದು ಬೇರೆ. ಮೊದಲನೆಯದರಲ್ಲಿ ‘ನನ್ನದು’ ಎಂಬುದಿದೆ. ಎರಡನೆಯದರಲ್ಲಿ ‘ನನ್ನ ಪಾಲಿನ ಕರ್ತವ್ಯ’ ಎಂಬುದಿದೆ. ಜಿನಸೇನಾಚಾರ್ಯರು ಅಮೋಘವರ್ಷನ ಆಳ್ವಿಕೆಯಲ್ಲಿ, ೮೩೭ರಲ್ಲಿ, ತಮ್ಮ ಗುರು ವೀರಸೇನರು ಆರಂಭಿಸಿದ್ದ ‘ಜಯಧವಲಾ’ ಟೀಕೆಯನ್ನು ಪೂರ್ಣಗೊಳಿಸಿದರು. ಅದರ ಓಲೆಗರಿಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಅಲ್ಲಿ ಅವು ದರ್ಶನದ ವಸ್ತುಗಳಾಗಿದ್ದವು, ಓದುವವರು ಅಪೂರ್ವ. ೧೯ನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಸಿದ್ಧಾಂತ ಗ್ರಂಥಗಳ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ೧೯೩೯ರಲ್ಲಿ ‘ಧವಲಾ’ದ ಮೊದಲ ಸಂಪುಟ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹೊರಬಂದಾಗ ಆ ಪರಂಪರೆಯ ಜ್ಞಾನ ಮತ್ತೆ ಓದುಗರ ಕೈಸೇರಲಾರಂಭಿಸಿತು. ಮೂಡುಬಿದಿರೆಯವರು ಕಾಯದಿದ್ದರೆ ಅಚ್ಚಿಗೆ ಏನೂ ಉಳಿಯುತ್ತಿರಲಿಲ್ಲ. ಕಾಯುವುದರಲ್ಲೇ ನಿಂತಿದ್ದರೆ ಓದಿಗೆ ಏನೂ ದೊರೆಯುತ್ತಿರಲಿಲ್ಲ. ಎರಡೂ ಬೇಕಾಗಿತ್ತು, ಎರಡಕ್ಕೂ ಕಾಲ ಕೂಡಿಬರಬೇಕಾಗಿತ್ತು.

ದಿಗಂಬರ ಸಂಘದಲ್ಲಿ ಪಿಂಛಿ ಪರಿವರ್ತನೆಯೆಂಬ ಸಮಾರಂಭವಿದೆ. ಚಾತುರ್ಮಾಸ ಮುಗಿದ ಮೇಲೆ ಮುನಿಗಳು ಹಳೆಯ ಪಿಂಛಿಯನ್ನು ಬಿಟ್ಟು ಹೊಸದನ್ನು ಸ್ವೀಕರಿಸುತ್ತಾರೆ. ಹಳೆಯ ಪಿಂಛಿ ಶ್ರಾವಕರೊಬ್ಬರ ಮನೆಗೆ ಹೋಗುತ್ತದೆ. ಆದರೆ ಅದನ್ನು ಪಡೆಯುವವರು ಸಂಯಮದ ನಿಯಮವೊಂದನ್ನು ಸ್ವೀಕರಿಸಬೇಕು, ಬರಿಗೈಯಲ್ಲಿ ಕೊಂಡೊಯ್ಯುವಂತಿಲ್ಲ. ಮಹನೀಯರ ವಸ್ತುವನ್ನು ಹೇಗೆ ಇಟ್ಟುಕೊಳ್ಳಬೇಕೆಂಬ ಪ್ರಶ್ನೆಗೆ ನಮ್ಮ ಪರಂಪರೆ ಕೊಟ್ಟ ಉತ್ತರ ಇದು. ವಸ್ತುವಿಗೆ ಬೆಲೆಯುಂಟು, ಆದರೆ ಆ ಬೆಲೆಯನ್ನು ಹಣದಲ್ಲಿ ತೆರುವಂತಿಲ್ಲ, ಬಾಳಿನಲ್ಲಿ ತೆರಬೇಕು. ನಿಯಮ ಪಾಲನೆಯಾಗುವವರೆಗೆ ಆ ಮನೆಯಲ್ಲಿ ಪಿಂಛಿ ಭಾವನಿಕ್ಷೇಪಕ್ಕೆ ಕಾರಣ. ನಿಯಮ ಮರೆತ ದಿನ ಅದು ಬರಿಯ ನವಿಲುಗರಿ.

ಸ್ಮಾರಕದಲ್ಲಿ ಸತ್ಯ

ಸ್ಮಾರಕ ಕಟ್ಟುವವರಿಗೆ ಅಪರಿಗ್ರಹಕ್ಕಿಂತಲೂ ಕಠಿನವಾದ ಪರೀಕ್ಷೆ ಸತ್ಯವ್ರತದ್ದು. ನಮ್ಮವರೆಂಬ ಅಭಿಮಾನದಲ್ಲಿ ಫಲಕಗಳ ಮೇಲಿನ ಮಾತು ಬಹುಬೇಗ ಉಬ್ಬುತ್ತದೆ. ಅಮೋಘವರ್ಷನನ್ನೇ ತೆಗೆದುಕೊಳ್ಳಬಹುದು. ಆತನನ್ನು ಜೈನ ದೊರೆಯೆಂದು ಕೊಂಡಾಡುವುದು ಸರಿ. ಜಿನಸೇನರ ಶಿಷ್ಯತ್ವಕ್ಕೆ ಆಧಾರವಿದೆ. ಆದರೆ ೮೭೧ರ ಸಂಜಾನ್ ತಾಮ್ರಶಾಸನವು ಇನ್ನೊಂದನ್ನು ಹೇಳುತ್ತದೆ. ನಾಡಿಗೆ ಬಂದ ವಿಪತ್ತನ್ನು ಕಳೆಯಲು ಈ ದೊರೆ ತನ್ನ ಬೆರಳನ್ನೇ ಕಡಿದು ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ‘ಕವಿರಾಜಮಾರ್ಗ’ ನೃಪತುಂಗನ ಹೆಸರಿನೊಡನೆ ಬೆಸೆದುಕೊಂಡಿದ್ದರೂ, ಅದನ್ನು ರಚಿಸಿದವನು ಆಸ್ಥಾನದ ಶ್ರೀವಿಜಯನೆಂಬುದು ವಿದ್ವಾಂಸರಲ್ಲಿ ಬಹುಮಾನ್ಯವಾದ ಅಭಿಪ್ರಾಯ. ‘ಪ್ರಶ್ನೋತ್ತರರತ್ನಮಾಲಿಕೆ’ಯನ್ನು ಶಂಕರಾಚಾರ್ಯರದೆಂದೂ ವಿಮಲಸೂರಿಯದೆಂದೂ ಹೇಳುವ ಪಾಠಗಳಿವೆ.

ಇವನ್ನು ಫಲಕದಿಂದ ಕೈಬಿಟ್ಟರೆ ದೊರೆ ದೊಡ್ಡವನಾಗುವನೇ? ಹಾಗೇನಿಲ್ಲ. ಜಿನನ ಮುಂದೆ ತಲೆಬಾಗಿದವನು ಪ್ರಜೆಗಳು ನಂಬಿದ ದೇವಿಯ ಮುಂದೆ ತನ್ನ ಅಂಗವನ್ನೇ ಒಡ್ಡಿದನೆಂದರೆ, ಅಹಿಂಸೆಯ ದೃಷ್ಟಿಯಿಂದ ಆ ಕ್ರಿಯೆಯನ್ನು ನಾವು ಒಪ್ಪದಿರಬಹುದು. ಪ್ರಜೆಗಳ ದುಃಖವನ್ನು ತನ್ನ ದೇಹದ ಮೇಲೆ ಹೊತ್ತುಕೊಂಡ ಮನಸ್ಸನ್ನು ಮಾತ್ರ ಅಲ್ಲಗಳೆಯಲಾಗದು. ಅನೇಕಾಂತವನ್ನು ಪುಸ್ತಕದಲ್ಲಿ ಒಪ್ಪಿ ಫಲಕದಲ್ಲಿ ಬಿಡುವುದು ತಕ್ಕುದಲ್ಲ. ಪರರ ಧರ್ಮವನ್ನೂ ವಿಚಾರವನ್ನೂ ಸೈರಿಸುವುದನ್ನೇ ಮನುಷ್ಯನ ಸಂಪತ್ತಾಗಿ ಕಂಡ ಗ್ರಂಥ ಹುಟ್ಟಿದ ಆಸ್ಥಾನಕ್ಕೆ ಅರ್ಧಸತ್ಯದ ಸ್ಮಾರಕ ಅವಮಾನ. ಮಳಖೇಡಕ್ಕೆ ಶ್ರೀ ಜಯತೀರ್ಥರನ್ನು ಸ್ಮರಿಸುತ್ತಾ ಬರುವ ಮಾಧ್ವ ಭಕ್ತರೂ ಇದ್ದಾರೆ. ಒಂದೇ ಊರು ಹಲವರಿಗೆ ಪವಿತ್ರವಾಗಬಹುದೆಂಬ ಪಾಠವನ್ನು ಆ ಕಾಗಿಣೆಯ ದಂಡೆ ನಿತ್ಯವೂ ಹೇಳುತ್ತಿದೆ.

ಸಂರಕ್ಷಣೆಯೂ ಅಹಿಂಸೆಯೂ

ಇನ್ನೊಂದು ಸೂಕ್ಷ್ಮವನ್ನು ಮರೆಯಬಾರದು. ಹಳೆಯ ಓಲೆಗರಿ, ಬಟ್ಟೆ, ಮರದ ಸಾಮಾನುಗಳಿಗೆ ಹುಳು ಹತ್ತುತ್ತದೆ. ಅನೇಕ ಸಂಗ್ರಹಾಲಯಗಳಲ್ಲಿ ವಿಷದ ಹೊಗೆಯಿಂದ ಅವುಗಳನ್ನು ಕೊಲ್ಲುವ ರೂಢಿ ಬಹುಕಾಲದಿಂದ ಬಂದಿದೆ. ಅಹಿಂಸೆಯ ಉಪದೇಶವಿರುವ ಗ್ರಂಥವನ್ನು ಹಿಂಸೆಯಿಂದ ಉಳಿಸಬೇಕೇ? ಇಲ್ಲಿಯೂ ಹಿರಿಯರು ದಾರಿ ತೋರಿದ್ದಾರೆ. ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುವ ಪದ್ಧತಿಯ ಹಿಂದೆ ಷಟ್ಖಂಡಾಗಮವು ಪೂರ್ಣಗೊಂಡುದರ ಸ್ಮರಣೆಯಿದೆ. ಜೊತೆಗೆ, ಭಂಡಾರದ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಗಾಳಿಯಾಡಿಸಿ, ಹೊಸ ಬಟ್ಟೆಯಲ್ಲಿ ಸುತ್ತಿಡುವ ಕಾರ್ಯವೂ ಇದೆ. ತೆರೆದು ನೋಡುವ ಕಟ್ಟಿಗೆ ಹುಳು ಹತ್ತುವುದು ಕಡಿಮೆ. ಹತ್ತಿದರೂ ಬೇಗ ಕಾಣುತ್ತದೆ. ಹುಳು ಬಂದ ಮೇಲೆ ಕೊಲ್ಲುವುದಕ್ಕಿಂತ, ಬರದಂತೆ ಎಚ್ಚರದಿಂದಿರುವುದು ಅಹಿಂಸೆ. ಎಚ್ಚರವೆಂದರೆ ದಿನದಿನದ ಶ್ರಮ. ಆ ಶ್ರಮಕ್ಕೆ ಒಪ್ಪದವರು ಗ್ರಂಥಗಳನ್ನು ಬೀಗದೊಳಗಿಟ್ಟು ಪೂಜೆಮಾಡಿದರೆ ಅದು ಭಕ್ತಿಯ ರೂಪದ ಪ್ರಮಾದವೇ ಸರಿ.

ಟ್ರಸ್ಟಿನ ಮುಂದಿರುವ ಪ್ರಶ್ನೆ

ಒಂದು ಊರಿನ ಬಸದಿಯ ಟ್ರಸ್ಟಿನ ಮುಂದೆ ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಆ ಊರಿನಲ್ಲಿ ಹುಟ್ಟಿ ಹೆಸರಾದ ಮಹನೀಯರೊಬ್ಬರ ನೆನಪಿಗಾಗಿ ಒಂದಷ್ಟು ಹಣ ಕೂಡಿದೆ. ಭವ್ಯವಾದ ಭವನ ಬೇಕೆನ್ನುವವರು ಕೆಲವರು. ಬಡ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಕೊಡೋಣವೆನ್ನುವವರು ಕೆಲವರು. ಬಸದಿಯ ಅಟ್ಟದಲ್ಲಿ ಬಿದ್ದಿರುವ ಓಲೆಗರಿಗಳನ್ನು ಉಳಿಸೋಣವೆನ್ನುವವರು ಒಬ್ಬಿಬ್ಬರು. ಎಲ್ಲರೂ ಸದ್ಭಾವನೆಯವರೇ. ಆಗ ನಿರ್ಣಯ ಹೇಗೆ?

ಮೇಲಿನ ವಿಚಾರಗಳಿಂದ ಕೆಲವು ಒರೆಗಲ್ಲುಗಳು ದೊರೆಯುತ್ತವೆ. ಆ ಮಹನೀಯರು ಬದುಕಿದ್ದರೆ ಈ ಹಣವನ್ನು ಯಾವುದಕ್ಕೆ ಕೊಡುತ್ತಿದ್ದರು ಎಂಬುದು ಮೊದಲನೆಯದು. ಇದರಿಂದ ಹರಡುವುದು ಹೆಚ್ಚೋ, ಕೂಡಿಡುವುದು ಹೆಚ್ಚೋ ಎಂಬುದು ಎರಡನೆಯದು. ಫಲಕದ ಮೇಲಿನ ಪ್ರತಿಯೊಂದು ಮಾತಿಗೂ ಆಧಾರವಿದೆಯೇ ಎಂಬುದು ಮೂರನೆಯದು. ಅಲ್ಲಿಡುವ ವಸ್ತುಗಳು ಒಪ್ಪಿಗೆಯಿಂದ ಬಂದವೇ, ಅಥವಾ ಪಾಳುಬಿದ್ದ ಇನ್ನೊಂದು ಊರಿನ ಬಸದಿಯಿಂದ ಹೇಳದೆ ಕೇಳದೆ ತಂದವೇ ಎಂಬುದು ನಾಲ್ಕನೆಯದು. ಉದ್ಘಾಟನೆಯ ಮರುವರ್ಷ, ಹತ್ತನೆಯ ವರ್ಷ, ಅದರ ಬಾಗಿಲು ತೆರೆದು ಕಸ ಗುಡಿಸುವವರು ಯಾರು ಎಂಬುದು ಐದನೆಯದು. ಈ ಐದನೆಯದಕ್ಕೆ ಉತ್ತರವಿಲ್ಲದಿದ್ದರೆ ಮೊದಲ ನಾಲ್ಕಕ್ಕೆ ಉತ್ತರವಿದ್ದೂ ಫಲವಿಲ್ಲ.

ಈ ಒರೆಗಲ್ಲುಗಳಿಗೆ ಉಜ್ಜಿದರೆ ಭವನವೇ ಬೇಡವೆಂಬ ತೀರ್ಮಾನ ಎಲ್ಲ ಕಡೆಗೂ ಬರುವುದಿಲ್ಲ. ಮಕ್ಕಳಿಗೆ ಕಣ್ಣಿನಿಂದ ಕಾಣುವ ಆಸರೆ ಬೇಕು. ಅಜ್ಜನ ಕೈಹಿಡಿದು ಬಂದ ಮಗು, ‘ಇವರು ಇಷ್ಟು ಸಣ್ಣ ಕೋಣೆಯಲ್ಲಿದ್ದರೇ?’ ಎಂದು ಕೇಳಿದರೆ, ಆ ಒಂದು ಪ್ರಶ್ನೆಗಾಗಿಯಾದರೂ ಆ ಕೋಣೆ ಉಳಿಯಬೇಕು. ಆದರೆ ಕೋಣೆ ಸಣ್ಣದಾಗಿಯೇ ಉಳಿಯಲಿ. ದೊಡ್ಡ ಬಾಳಿನ ಸರಳತೆಯನ್ನು ತೋರಲು ಕಟ್ಟಿದ ಮನೆ ಆಡಂಬರದಿಂದ ಆ ಸರಳತೆಯನ್ನೇ ಸುಳ್ಳುಮಾಡಬಾರದು. ಅದರ ಪಕ್ಕದಲ್ಲಿ ಓದುವ ಒಂದು ಮೇಜು, ಕೊಂಡೊಯ್ಯಬಹುದಾದ ಕೆಲವು ಪುಸ್ತಕಗಳು, ಸಾಧ್ಯವಿದ್ದರೆ ಒಬ್ಬ ವಿದ್ಯಾರ್ಥಿಯ ಶಾಲೆಯ ಖರ್ಚು. ಇಷ್ಟಿದ್ದರೆ ಸ್ಮಾರಕಕ್ಕೆ ನಾಲ್ಕನೆಯ ಕಾಲೂ ಬಂದಂತೆ.

ಮಳಖೇಡದ ಕೋಟೆಯನ್ನೂ ಊರನ್ನೂ ಸುತ್ತಿ, ನೇಮಿನಾಥ ಬಸದಿಯಲ್ಲಿ ಕೈಮುಗಿದು, ದೊರೆಯ ಒಂದು ವಸ್ತುವನ್ನೂ ಕಾಣದೆ ಮರಳುವ ಯಾತ್ರಿಕರು ನಿರಾಶರಾಗಬೇಕಾಗಿಲ್ಲ. ನೇಮಿನಾಥರ ಕಥೆಯೂ ಬಿಟ್ಟುಹೋದುದರ ಕಥೆಯೇ. ಮದುವೆಯ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿ, ಹಸೆಗೆ ಏರದೆ ಗಿರಿನಾರದ ದಾರಿ ಹಿಡಿದವರು ಅವರು. ರಾಜ್ಯವನ್ನು ಬಿಟ್ಟನೆಂದು ನೆನಪಿನಲ್ಲಿ ಉಳಿದ ದೊರೆಯ ಊರಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವವರು ಅಂಥ ತ್ಯಾಗಿ ತೀರ್ಥಂಕರರು. ಅರಮನೆ ಹೋಯಿತು, ಬಸದಿ ಉಳಿಯಿತು. ಚಿನ್ನ ಹೋಯಿತು, ಗ್ರಂಥ ಉಳಿಯಿತು. ಸೇಡಂ ಹಾದು ಕುರಕುಂಟಾದ ಕಡೆಗೆ ಮರಳುವ ದಾರಿಯಲ್ಲಿ, ತೊಗರಿಯ ಹೊಲಗಳ ನಡುವೆ, ಯಾತ್ರಿಕರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದುದು ಇಷ್ಟೇ: ನಾವು ಕೂಡಿಟ್ಟುದರಲ್ಲಿ ಹೋಗುವುದು ಯಾವುದು, ಕೊಟ್ಟುದರಲ್ಲಿ ಉಳಿಯುವುದು ಯಾವುದು?